ಉಚಿತವೂ ದಾನವೂ

ಕೊಟ್ಟದ್ದೆಲ್ಲವೂ ದಾನವಾಗುವುದಿಲ್ಲ. ಅಂಗಡಿಯವನು ಬೆಲ್ಲದ ಚೂರೊಂದನ್ನು ಗಿರಾಕಿಯ ಅಂಗೈಗೆ ಹಾಕಿ ರುಚಿ ನೋಡಲು ಹೇಳುತ್ತಾನೆ. ಅದಕ್ಕೆ ಅವನು ಹಣ ಕೇಳುವುದಿಲ್ಲ. ಆದರೆ ಅದನ್ನು ದಾನವೆಂದು ಅವನೂ ಹೇಳುವುದಿಲ್ಲ, ಗಿರಾಕಿಯೂ ತಿಳಿಯುವುದಿಲ್ಲ. ಅದು ವ್ಯಾಪಾರದ ಒಂದು ಭಾಗವೆಂಬುದು ಇಬ್ಬರಿಗೂ ಗೊತ್ತಿರುವುದರಿಂದ ಅಲ್ಲಿ ಮೋಸಕ್ಕೆ ಎಡೆಯಿಲ್ಲ. ಅದೇ ಅಂಗಡಿಯವನು ತಾನು ಹಸಿದವರಿಗೆ ಅನ್ನವಿಕ್ಕುತ್ತಿರುವೆನೆಂದು ಊರಿನಲ್ಲಿ ಡಂಗುರ ಹೊಡೆಸಿದರೆ ಮಾತು ಬೇರೆಯಾಗುತ್ತದೆ. ಮಾಧ್ಯಮ ಮತ್ತು ತಂತ್ರಜ್ಞಾನದ ದೊಡ್ಡ ಕಂಪನಿಗಳು ಬೆಲೆಯಿಲ್ಲದೆ ಕೊಡುವುದನ್ನೇ ವ್ಯಾಪಾರದ ನೀತಿಯನ್ನಾಗಿ ಮಾಡಿಕೊಂಡಿರುವ ಈ ಕಾಲದಲ್ಲಿ, ಉಚಿತಕ್ಕೂ ದಾನಕ್ಕೂ ಇರುವ ಅಂತರವನ್ನು ವಿಚಾರ ಮಾಡುವುದು ಅವಶ್ಯವಾಗಿದೆ.

ಫೇಸ್‌ಬುಕ್ ಕಂಪನಿಯು ಭಾರತದಲ್ಲಿ ನಡೆಸಿದ ಒಂದು ಪ್ರಯತ್ನ ಇದಕ್ಕೆ ತಕ್ಕ ನಿದರ್ಶನವಾಗಿದೆ. ಅಂತರ್ಜಾಲವನ್ನು ಕಾಣದ ಕೋಟ್ಯಂತರ ಜನರಿಗೆ ಅದನ್ನು ತಲುಪಿಸುವ ಉದ್ದೇಶವನ್ನು ಸಾರುತ್ತ, ಕಂಪನಿಯ ಮುಖ್ಯಸ್ಥರಾದ ಮಾರ್ಕ್ ಜುಕರ್‌ಬರ್ಗ್ ಅವರು 2013ರ ಆಗಸ್ಟ್‌ನಲ್ಲಿ ಯೋಜನೆಯೊಂದನ್ನು ಪ್ರಕಟಿಸಿದರು. 2015ರ ಫೆಬ್ರವರಿಯಲ್ಲಿ ರಿಲಯನ್ಸ್ ಕಮ್ಯುನಿಕೇಷನ್ಸ್ ಸಂಸ್ಥೆಯ ಜೊತೆಗೂಡಿ ಅದು ಭಾರತಕ್ಕೆ ಬಂದಿತು; ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ‘ಫ್ರೀ ಬೇಸಿಕ್ಸ್’ ಎಂಬ ಹೆಸರನ್ನು ಪಡೆಯಿತು. ಆ ಸಂಸ್ಥೆಯ ಮೊಬೈಲ್ ಸಂಪರ್ಕವಿದ್ದವರು ಸುದ್ದಿ, ಹವಾಮಾನ, ಆರೋಗ್ಯ, ಉದ್ಯೋಗ ಮೊದಲಾದ ಆಯ್ದ ಕೆಲವು ಜಾಲತಾಣಗಳನ್ನು ಡೇಟಾ ಶುಲ್ಕವಿಲ್ಲದೆ ನೋಡಬಹುದಾಗಿತ್ತು. ಆ ಆಯ್ಕೆಯಲ್ಲಿ ಫೇಸ್‌ಬುಕ್ಕೂ ಸೇರಿತ್ತು. ಉಳಿದ ಅಂತರ್ಜಾಲವನ್ನು ಕಾಣಬೇಕಾದರೆ ಹಣ ತೆರಬೇಕಾಗಿತ್ತು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಇಂತಹ ದರಭೇದದ ಬಗ್ಗೆ 2015ರ ಡಿಸೆಂಬರ್‌ನಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ, ಕಂಪನಿಯು ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ನೀಡಿತು. ತನ್ನ ಬಳಕೆದಾರರಿಂದ ಒಂದೇ ಒಕ್ಕಣೆಯ ಲಕ್ಷಾಂತರ ಪತ್ರಗಳನ್ನು ಪ್ರಾಧಿಕಾರಕ್ಕೆ ಕಳಿಸಲು ಏರ್ಪಾಡು ಮಾಡಿತು. ಕೇಳಿದ ಪ್ರಶ್ನೆಗಳಿಗೆ ಆ ಪತ್ರಗಳಲ್ಲಿ ಉತ್ತರವಿಲ್ಲವೆಂದು ಪ್ರಾಧಿಕಾರವು ಆಕ್ಷೇಪಿಸಿತು. ಕೊನೆಗೆ 2016ರ ಫೆಬ್ರವರಿ 8ರಂದು, ನೋಡುವ ವಿಷಯವನ್ನು ಅನುಸರಿಸಿ ಡೇಟಾ ದರದಲ್ಲಿ ಭೇದವೆಣಿಸುವುದನ್ನು ನಿಷೇಧಿಸಿತು. ಮೂರು ದಿನಗಳ ಬಳಿಕ ಫ್ರೀ ಬೇಸಿಕ್ಸ್ ಭಾರತದಿಂದ ಹಿಂದೆಗೆಯಿತು.

ಕಾನೂನಿನ ವಿವಾದ ಅಲ್ಲಿಗೆ ಮುಗಿಯಿತು. ನೀತಿಯ ಪ್ರಶ್ನೆ ಮಾತ್ರ ಉಳಿದಿದೆ. ಪ್ರಾಚೀನರು ದಾನದ ಹೆಚ್ಚು ಕಡಿಮೆಯನ್ನು ನಾಲ್ಕು ದೃಷ್ಟಿಗಳಿಂದ ಅಳೆಯುತ್ತಿದ್ದರು: ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವ ದಾತೃ, ಪಡೆಯುವ ಪಾತ್ರ. ಈ ಅಳತೆಗೋಲು ಇಂದಿಗೂ ಸವೆದಿಲ್ಲ.

ಮೊದಲು ದಾತೃವಿನ ವಿಚಾರ. 2015ರಲ್ಲಿ ಫೇಸ್‌ಬುಕ್ಕಿನ ಆದಾಯ ಸುಮಾರು 1,800 ಕೋಟಿ ಡಾಲರ್‌ಗಳಾಗಿತ್ತು. ಅದರಲ್ಲಿ ನೂರಕ್ಕೆ 95ರಷ್ಟು ಬಂದದ್ದು ಜಾಹೀರಾತಿನಿಂದ. ಜಾಹೀರಾತಿನ ಬೆಲೆ ನೋಡುವವರ ಸಂಖ್ಯೆಯನ್ನು ಅವಲಂಬಿಸಿರುವುದರಿಂದ ಹೊಸ ಬಳಕೆದಾರನೆಂದರೆ ಕಂಪನಿಗೆ ಮುಂದಿನ ಫಸಲಿನ ಬೀಜವಿದ್ದಂತೆ. ಉಚಿತ ಸೇವೆಯೊಳಗಿನ ಫೇಸ್‌ಬುಕ್‌ನಲ್ಲಿ ಜಾಹೀರಾತು ಇರುವುದಿಲ್ಲವೆಂದು ಕಂಪನಿ ಹೇಳಿದ್ದು ನಿಜ. ಆದರೆ ಬಿತ್ತುವ ದಿನವೇ ಯಾವ ರೈತನೂ ತೆನೆಯನ್ನು ಎಣಿಸುವುದಿಲ್ಲ. ಲಾಭದ ಆಸೆ ಇರುವುದು ತಪ್ಪಲ್ಲ. ಲಾಭವಿಲ್ಲದೆ ಯಾವ ವ್ಯಾಪಾರವೂ ನಿಲ್ಲಲಾರದು. ಆ ಆಸೆಯಿರುವಾಗ ದಾನಿಯ ಪೀಠವನ್ನು ಏರುವುದು ಸಲ್ಲದು, ಅಷ್ಟೆ.

ಎರಡನೆಯದು ದ್ರವ್ಯ. ಗ್ರಂಥಾಲಯದಲ್ಲಿ ಎಲ್ಲ ಪುಸ್ತಕಗಳೂ ಇರುವುದಿಲ್ಲ, ಸಾರ್ವಜನಿಕ ಆಸ್ಪತ್ರೆಯಲ್ಲಿ ಎಲ್ಲ ಚಿಕಿತ್ಸೆಯೂ ದೊರೆಯುವುದಿಲ್ಲ, ಆದರೂ ಅವುಗಳಿಂದ ಉಪಕಾರವುಂಟು ಎಂದು ಜುಕರ್‌ಬರ್ಗ್ ಅವರು 2015ರ ಡಿಸೆಂಬರ್‌ನಲ್ಲಿ ಭಾರತದ ಪತ್ರಿಕೆಯೊಂದರಲ್ಲಿ ವಾದಿಸಿದ್ದರು. ವಾದ ಮೇಲುನೋಟಕ್ಕೆ ಸರಿಯೆನಿಸುತ್ತದೆ. ಆದರೆ ಪುಸ್ತಕವನ್ನು ಅಚ್ಚು ಹಾಕುವವನೇ ಗ್ರಂಥಾಲಯವನ್ನೂ ನಡೆಸಿ, ಎಂತಹ ಪುಸ್ತಕ ಒಳಗೆ ಬರಬೇಕೆಂಬ ನಿಯಮವನ್ನೂ ತಾನೇ ಮಾಡಿ, ತನ್ನ ಪುಸ್ತಕವನ್ನು ಕಪಾಟಿನಲ್ಲಿರಿಸಿದರೆ ಅದನ್ನು ಗ್ರಂಥಾಲಯವೆನ್ನಬಹುದೇ? ಫ್ರೀ ಬೇಸಿಕ್ಸ್‌ಗೆ ಸೇರುವ ತಾಣಗಳ ನಿಯಮಗಳನ್ನು ಮಾಡುತ್ತಿದ್ದವರು ಫೇಸ್‌ಬುಕ್‌ನವರೇ. ಆ ಸಂಚಾರವೆಲ್ಲ ಹಾದುಹೋಗುತ್ತಿದ್ದುದೂ ಅವರ ಗಣಕಯಂತ್ರಗಳ ಮೂಲಕವೇ.

ಮೂರನೆಯದು ಪಾತ್ರ. ಸಿರಿವಂತನು ಇಡೀ ಅಂತರ್ಜಾಲವನ್ನು ನೋಡಬಲ್ಲವನಾಗಿ, ಬಡವನು ಅದರ ಒಂದು ಅಂಗಳವನ್ನಷ್ಟೇ ಕಂಡು ಅದನ್ನೇ ಊರೆಂದು ನಂಬಿದರೆ, ಬಡವನಿಗೆ ದೊರೆತದ್ದು ಅರಿವೋ ಅರಿವಿನ ಭ್ರಮೆಯೋ ಎಂಬ ಸಂದೇಹ ಸಹಜವಾಗಿದೆ. ಮ್ಯಾನ್ಮಾರ್‌ನ ಹಿಂಸಾಚಾರವನ್ನು ಕುರಿತು ವಿಶ್ವಸಂಸ್ಥೆಯ ಸತ್ಯಶೋಧನ ಮಂಡಲಿ 2018ರಲ್ಲಿ ನೀಡಿದ ವರದಿಯು, ಆ ದೇಶದ ಬಹುಪಾಲು ಬಳಕೆದಾರರಿಗೆ ಫೇಸ್‌ಬುಕ್ಕೇ ಅಂತರ್ಜಾಲವಾಗಿತ್ತೆಂದೂ ದ್ವೇಷವನ್ನು ಹರಡುವವರಿಗೆ ಅದು ಉಪಯುಕ್ತ ಸಾಧನವಾಯಿತೆಂದೂ ಹೇಳಿತು. ಅಲ್ಲಿನ ದುರಂತಕ್ಕೆ ಯಾವುದೇ ಒಂದು ಉಚಿತ ಯೋಜನೆಯನ್ನು ಹೊಣೆಯಾಗಿಸುವುದು ನ್ಯಾಯವಲ್ಲ. ಒಂದೇ ಬಾಗಿಲಿನ ಮನೆಯಲ್ಲಿ ಹೊಗೆ ತುಂಬಿದರೆ ಒಳಗಿರುವವರ ಗತಿಯೇನೆಂಬುದನ್ನು ಮಾತ್ರ ಅದು ತೋರಿಸುತ್ತದೆ.

ನಾಲ್ಕನೆಯದಾದ ವಿಧಿಯೇ ಎಲ್ಲಕ್ಕಿಂತ ಮುಖ್ಯವಾದುದು. ವ್ಯಾಪಾರಿಯೊಡನೆ ಚೌಕಾಶಿ ಮಾಡಬಹುದು, ಬೇಡವೆಂದು ಎದ್ದು ಬರಬಹುದು. ದಾನಿಯನ್ನು ಪ್ರಶ್ನಿಸಿದರೆ ಕೃತಘ್ನನೆಂಬ ಹೆಸರು ಬರುತ್ತದೆ. ಆದುದರಿಂದ ವ್ಯಾಪಾರವನ್ನು ದಾನವೆಂದು ಕರೆದೊಡನೆ, ಎದುರಿನವನಿಂದ ಪ್ರಶ್ನಿಸುವ ಹಕ್ಕನ್ನೇ ಕಿತ್ತುಕೊಂಡಂತಾಗುತ್ತದೆ. ನಿಷೇಧ ಹೊರಬಿದ್ದ ಮರುದಿನಗಳಲ್ಲಿ ಇದು ಸ್ಪಷ್ಟವಾಯಿತು. ಫೇಸ್‌ಬುಕ್ಕಿನ ನಿರ್ದೇಶಕ ಮಂಡಲಿಯ ಸದಸ್ಯರಾಗಿದ್ದ ಮಾರ್ಕ್ ಆಂಡ್ರೀಸೆನ್ ಅವರು, ವಸಾಹತುಶಾಹಿಯ ವಿರೋಧವೇ ಭಾರತೀಯರಿಗೆ ಆರ್ಥಿಕ ಅನರ್ಥವನ್ನು ತಂದಿತೆಂಬ ಅರ್ಥದ ಮಾತನ್ನು ಬರೆದರು. ಟೀಕೆ ಎದ್ದಾಗ ಅವರು ಕ್ಷಮೆ ಕೇಳಿದರು; ಜುಕರ್‌ಬರ್ಗ್ ಅವರೂ ಆ ಮಾತು ತಮ್ಮದಲ್ಲವೆಂದು ಸಾರಿದರು. ಆದರೂ ದಾನ ನಿರಾಕೃತವಾದಾಗ ದಾನಿಯ ಬಳಗದಲ್ಲಿ ಏಳುವ ಸಿಟ್ಟು ಎಂತಹುದೆಂಬುದು ಲೋಕಕ್ಕೆ ತಿಳಿಯಿತು. ನಿಜವಾದ ದಾನಿಗೆ ನಿರಾಕರಣೆಯಿಂದ ನಷ್ಟವಿರುವುದಿಲ್ಲ.

ಇದಕ್ಕೆ ಎದುರಾಗಿ ಗಂಭೀರವಾದ ಒಂದು ಆಕ್ಷೇಪವುಂಟು. ಏನೂ ಇಲ್ಲದವನಿಗೆ ಸ್ವಲ್ಪವಾದರೂ ಸಿಗುವುದು ಲೇಸಲ್ಲವೇ? ಎಲ್ಲವನ್ನೂ ಉಳ್ಳವರು ತತ್ತ್ವದ ಹೆಸರಿನಲ್ಲಿ ಇಲ್ಲದವರ ತುತ್ತನ್ನು ತಡೆಯುವುದು ಯಾವ ನ್ಯಾಯ? ಈ ಮಾತನ್ನು ತಳ್ಳಿಹಾಕಲಾಗದು. 2016ರಲ್ಲಿ ಫ್ರೀ ಬೇಸಿಕ್ಸ್ ವಿರುದ್ಧ ದನಿಯೆತ್ತಿದವರಲ್ಲಿ ಬಹುಮಂದಿ ಅಂತರ್ಜಾಲವನ್ನು ಆಗಲೇ ಉಳ್ಳವರಾಗಿದ್ದರು. ಇಲ್ಲದವರ ಅಭಿಪ್ರಾಯವನ್ನು ಕೇಳಿದವರು ಕಡಿಮೆ. ಹಸಿದವನ ಮುಂದೆ ಅನ್ನದ ಗುಣದೋಷವನ್ನು ಚರ್ಚಿಸುವವನು ತನ್ನ ಹೊಟ್ಟೆ ತುಂಬಿರುವುದನ್ನು ಮರೆಯಬಾರದು. ತಡೆದವರ ಮೇಲೆ, ಬೇರೊಂದು ದಾರಿಯನ್ನು ತೆರೆಯುವ ಹೊಣೆ ಬೀಳುತ್ತದೆ.

ದಾರಿಯೇನೋ ತೆರೆಯಿತು, ಅದೂ ಒಂದು ಉಚಿತದಿಂದಲೇ. 2016ರ ಸೆಪ್ಟೆಂಬರ್ 5ರಂದು ಆರಂಭವಾದ ಜಿಯೋ 2017ರ ಮಾರ್ಚ್‌ವರೆಗೆ ಡೇಟಾವನ್ನು ಉಚಿತವಾಗಿ ನೀಡಿತು. ಇಲ್ಲಿ ಆಯ್ದ ತಾಣಗಳೆಂಬ ಬೇಲಿ ಇರಲಿಲ್ಲ. ಅವಧಿಯ ನಂತರ ಹಣ ಕೊಡಬೇಕೆಂಬುದೂ ಗುಟ್ಟಾಗಿರಲಿಲ್ಲ. ಬೆಲ್ಲದ ಚೂರನ್ನು ಬೆಲ್ಲದ ಚೂರೆಂದೇ ಕೊಟ್ಟಂತಾಯಿತು. ಡೇಟಾ ಅಗ್ಗವಾಗಿ ಹಳ್ಳಿಗಳನ್ನೂ ತಲುಪಿತು. ಆದರೆ ಉಚಿತದ ಇನ್ನೊಂದು ಮುಖವೂ ಅಲ್ಲಿ ಕಂಡಿತು. ಸಾಲದಲ್ಲಿದ್ದ ಏರ್‌ಸೆಲ್ 2018ರಲ್ಲಿ ದಿವಾಳಿಯಾಯಿತು. ಅದೇ ವರ್ಷ ವೊಡಾಫೋನ್ ಮತ್ತು ಐಡಿಯಾ ಒಂದಾದವು. ರಿಲಯನ್ಸ್ ಕಮ್ಯುನಿಕೇಷನ್ಸ್ 2019ರಲ್ಲಿ ದಿವಾಳಿಯ ಪ್ರಕ್ರಿಯೆಗೆ ಒಳಗಾಯಿತು. 2024ರ ಜುಲೈನಲ್ಲಿ ಜಿಯೋ ತನ್ನ ದರಗಳನ್ನು ನೂರಕ್ಕೆ 12ರಿಂದ 27ರಷ್ಟು ಏರಿಸಿದಾಗ ಗಿರಾಕಿಗೆ ಹೋಗಲು ಹೆಚ್ಚು ಅಂಗಡಿಗಳು ಉಳಿದಿರಲಿಲ್ಲ. ಈ ನಡುವೆ, 2020ರ ಏಪ್ರಿಲ್‌ನಲ್ಲಿ, ಫೇಸ್‌ಬುಕ್ ಕಂಪನಿಯು 43,574 ಕೋಟಿ ರೂಪಾಯಿಗಳನ್ನು ತೊಡಗಿಸಿ ಜಿಯೋ ಪ್ಲಾಟ್‌ಫಾರ್ಮ್ಸ್‌ನಲ್ಲಿ ನೂರಕ್ಕೆ 9.99ರಷ್ಟು ಪಾಲನ್ನು ಕೊಂಡಿತು. 2016ರಲ್ಲಿ ದಾನವೆಂಬ ಹೆಸರಿನಲ್ಲಿ ಪಡೆಯಲಾಗದ ನೆಲೆಯನ್ನು ಅದು ಹಣ ಕೊಟ್ಟು ಪಡೆಯಿತು. ಈ ಎರಡನೆಯ ಕ್ರಮವನ್ನು ಒಪ್ಪದವರೂ ಇರಬಹುದು. ಆದರೆ ಅಲ್ಲಿ ಬೆಲೆ ಎಲ್ಲರ ಕಣ್ಣಿಗೆ ಕಾಣುವಂತಿತ್ತು.

ಇಷ್ಟರಿಂದ ಉಚಿತವೆಲ್ಲವೂ ಕಪಟವೆಂದು ತೀರ್ಮಾನಿಸುವುದು ಅವಸರವಾದೀತು. ತೂಕದಲ್ಲಿ ಮೋಸ ಮಾಡಬಾರದೆಂಬುದು ವ್ಯಾಪಾರದ ಹಳೆಯ ನೀತಿ. ಹಣದ ಬದಲು ಜನರ ಸಮಯ, ಗಮನ ಮತ್ತು ಖಾಸಗಿ ಸಂಗತಿಗಳೇ ಬೆಲೆಯಾಗಿರುವ ಈ ವ್ಯಾಪಾರದಲ್ಲಿಯೂ ಆ ನೀತಿ ಸಲ್ಲುತ್ತದೆ: ಏನನ್ನು ಕೊಡುತ್ತಿದ್ದೇನೆ, ಪ್ರತಿಯಾಗಿ ಏನನ್ನು ಪಡೆಯುತ್ತೇನೆ ಎಂಬುದನ್ನು ವ್ಯಾಪಾರಿ ಮೊದಲೇ ತಿಳಿಯಹೇಳಬೇಕು. ಪಡೆಯುವವನಿಗೂ ಒಂದು ಕರ್ತವ್ಯವುಂಟು. ಉಚಿತವಾಗಿ ಬಂದದ್ದನ್ನು ಕೈಯೊಡ್ಡಿ ತೆಗೆದುಕೊಳ್ಳುವ ಮುನ್ನ, ಇದನ್ನು ನಾಳೆ ಬೇಡವೆನ್ನುವ ಸ್ವಾತಂತ್ರ್ಯ ತನಗೆ ಉಳಿದಿರುತ್ತದೆಯೇ ಎಂದು ಅವನು ಕೇಳಿಕೊಳ್ಳಬೇಕು. ಉಳಿದಿರುತ್ತದೆಯಾದರೆ ಅದು ವ್ಯಾಪಾರವಾದರೂ ಬಾಧಕವಿಲ್ಲ. ಉಳಿಯುವುದಿಲ್ಲವಾದರೆ, ಕೊಡುವವರು ಅದಕ್ಕೆ ಎಷ್ಟು ಒಳ್ಳೆಯ ಹೆಸರಿಟ್ಟರೂ ಅದನ್ನು ದಾನವೆನ್ನಲಾಗದು.