ಹದ ಯಾರದು?

ಬೆಳಗಿನ ಐದೂವರೆಗೆ ಕಡೂರಿನಲ್ಲಿ ಜಿಮ್ಮಿನ ಶಟರ್ ಎತ್ತುತ್ತೇನೆ. ಎಂಟರವರೆಗೆ ಅಲ್ಲಿ ಟ್ರೇನರ್. ಆಮೇಲೆ ಬೀರೂರು, ತರೀಕೆರೆ ದಾಟಿ ಶಂಕರಘಟ್ಟ ಮುಟ್ಟಿದರೆ ಸಂಶೋಧನಾ ವಿದ್ಯಾರ್ಥಿ. ಮೊದಲನೆಯದು ಹೊಟ್ಟೆಪಾಡು, ಎರಡನೆಯದು ಚಿಂತನೆ ಎಂದುಕೊಂಡಿದ್ದೆ. ಆದರೆ ಈ ಒಂದು ವರ್ಷ ನನ್ನನ್ನು ಕಾಡಿದ ಪ್ರಶ್ನೆ ಗ್ರಂಥಾಲಯದಲ್ಲಿ ಸಿಕ್ಕದ್ದಲ್ಲ, ಜಿಮ್ಮಿನ ನೆಲದ ಮೇಲೆ ಸಿಕ್ಕದ್ದು.

ಅಲ್ಲಿ ನಾನು ಅತಿ ಹೆಚ್ಚು ಆಡುವ ಮಾತು ‘ಇನ್ನೊಂದು’. ಹತ್ತು ಬಸ್ಕಿ ಮುಗಿದರೆ ಇನ್ನೊಂದು, ಡಂಬೆಲ್ ಕೆಳಗಿಡುವಷ್ಟರಲ್ಲಿ ಇನ್ನೊಂದು. ಇದರಲ್ಲಿ ಮೋಸವೇನಿಲ್ಲ. ರೂಢಿಯ ಭಾರಕ್ಕಿಂತ ತುಸು ಹೆಚ್ಚು ಹೊತ್ತಾಗಲೇ ಸ್ನಾಯು ಬಲಿಯುತ್ತದೆ. ಆದರೆ ಬಲಿಯುವುದು ಹೊರುವಾಗಲ್ಲ. ಹೊತ್ತು ಇಳಿಸಿದ ಮೇಲೆ, ಊಟ ಮತ್ತು ನಿದ್ದೆಯಲ್ಲಿ. ಸತ್ಯದ ಈ ಉಳಿದರ್ಧವನ್ನು ನಾವು ಟ್ರೇನರ್‌ಗಳು ಅಷ್ಟು ಜೋರಾಗಿ ಹೇಳುವುದಿಲ್ಲ.

ಅಜ್ಜಂಪುರದ ಕಡೆಯ ಹಳ್ಳಿಯೊಂದರಿಂದ ಒಬ್ಬ ಹುಡುಗ ಬರುತ್ತಿದ್ದ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂಬ ಆಸೆ. ದೈಹಿಕ ಪರೀಕ್ಷೆಯಲ್ಲಿ 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಕಾಲಿಗೆ ಕಸುವು ಬರಲೆಂದು ಅವನಿಂದ ಡೆಡ್‌ಲಿಫ್ಟ್ ಮಾಡಿಸುತ್ತಿದ್ದೆ. ಒಂದು ದಿನ ಆರನೆಯ ಸಲ ಬಾರ್ ಇಳಿಸಿ ‘ಸಾಕು ಸರ್’ ಎಂದ. ನನ್ನ ಹಲಗೆಯ ಮೇಲೆ ಎಂಟು ಎಂದು ಬರೆದಿತ್ತು. ‘ಇನ್ನೊಂದು’ ಎಂದೆ. ಎತ್ತಿದ. ಸೊಂಟ ಹಿಡಿಯಿತು. ಆ ಸಲದ ಓಟಕ್ಕೆ ಅವನು ಹೋಗಲೇ ಇಲ್ಲ.

ನೋಡಲು ಹೋದಾಗ ಚಾಪೆಯ ಮೇಲೆ ಮಲಗಿದ್ದ. ನಾನು ಬಾಯಿ ತೆರೆಯುವ ಮೊದಲೇ ‘ಸಾರಿ ಸರ್, ನಂದೇ ತಪ್ಪು. ರಾತ್ರಿ ಕರೆಂಟ್ ಕೊಟ್ಟಿದ್ರು, ಈರುಳ್ಳಿಗೆ ನೀರು ಕಟ್ತಾ ನಿದ್ದೆ ಇರ್ಲಿಲ್ಲ. ಹೇಳ್ಬೇಕಿತ್ತು’ ಎಂದ.

ಅವನು ಹೇಳಿದ್ದ. ‘ಸಾಕು’ ಎನ್ನುವುದಕ್ಕಿಂತ ಹೆಚ್ಚು ಇನ್ನೇನು ಹೇಳಬೇಕಿತ್ತು? ಪೆಟ್ಟು ತಿಂದವನೇ ಕ್ಷಮೆ ಕೇಳಿದ್ದು ನನ್ನನ್ನು ಚುಚ್ಚಿತು. ಇನ್ನೊಬ್ಬರ ಮೈಯ ಮೇಲೆ ನಿಂತು ‘ಇನ್ನೊಂದು’ ಎನ್ನುವ ಅಧಿಕಾರ ನನಗೆ ಎಲ್ಲಿಂದ ಬಂತು?

ನೀತಿಶಾಸ್ತ್ರದ ಬಹು ಹಳೆಯ ಪುಸ್ತಕವೊಂದರಲ್ಲಿ ನನ್ನಂಥ ಒಬ್ಬ ಟ್ರೇನರ್ ಇದ್ದಾನೆ. ಅರಿಸ್ಟಾಟಲ್ ತನ್ನ ‘ನಿಕೊಮೇಕಿಯನ್ ಎಥಿಕ್ಸ್’ನಲ್ಲಿ ಮಧ್ಯಮಮಾರ್ಗವನ್ನು ವಿವರಿಸಲು ಅವನನ್ನು ಕರೆತರುತ್ತಾನೆ. ಹತ್ತು ಅಳತೆ ಊಟ ಅತಿಯಾಯಿತು, ಎರಡು ಕಡಿಮೆಯಾಯಿತು ಎಂದಮಾತ್ರಕ್ಕೆ ತರಬೇತುದಾರ ಎಲ್ಲರಿಗೂ ಆರು ಎಂದು ಬಡಿಸುವುದಿಲ್ಲ. ಆ ಆರು ಮೈಲೋ ಎಂಬ ಜಟ್ಟಿಗೆ ಸಾಲದು, ಹೊಸಬನಿಗೆ ಹೆಚ್ಚು. ನಡುವೆ ಎಂಬುದು ಲೆಕ್ಕದ ನಡುವೆಯಲ್ಲ, ಆಯಾ ಮನುಷ್ಯನ ನಡುವೆ.

ಕನ್ನಡದಲ್ಲಿ ಇದಕ್ಕೆ ಸಿದ್ಧವಾದ ಮಾತಿದೆ: ಹದ. ಮುದ್ದೆಗೆ ಹದವಿದೆ, ಬಿತ್ತನೆಯ ಮಣ್ಣಿಗೆ ಹದವಿದೆ, ತರೀಕೆರೆಯ ತೋಟಗಳಲ್ಲಿ ಅಡಿಕೆ ಬೇಯಿಸುವವರಿಗೆ ಹದ ಗೊತ್ತು. ಅಳತೆಯನ್ನು ಬರೆದುಕೊಡಬಹುದು, ಹದವನ್ನು ಕೈಯೇ ಕಲಿಯಬೇಕು. ಆದರೆ ಒಂದು ವ್ಯತ್ಯಾಸವಿದೆ. ಮುದ್ದೆಗೆ ಬಾಯಿಲ್ಲ, ಮನುಷ್ಯನಿಗಿದೆ. ಮುದ್ದೆಯ ಹದ ತೊಳಸುವವರದು. ಮೈಯ ಹದ ಯಾರದು?

ಮೈಯ ಒಡೆಯನದೇ ಎಂದು ಉತ್ತರಿಸಿ ಕೈತೊಳೆದುಕೊಳ್ಳಬಹುದಿತ್ತು. ಅದಕ್ಕೆ ಅಡ್ಡಬಂದವರು ತರೀಕೆರೆಯ ಒಬ್ಬ ತಾಯಿ. ಐವತ್ತು ದಾಟಿದವರು, ಮಂಡಿನೋವು. ಡಾಕ್ಟರು ವ್ಯಾಯಾಮ ಮಾಡಬಹುದು ಎಂದ ಮೇಲೆ ವಾರಕ್ಕೆರಡು ಸಂಜೆ ಅವರ ಮನೆಗೆ ಹೋಗುತ್ತಿದ್ದೆ. ಕುರ್ಚಿಯಿಂದ ಎದ್ದು ಕೂರುವುದೇ ಪಾಠ. ನಾಲ್ಕಕ್ಕೇ ‘ಸಾಕಪ್ಪ, ವಯಸ್ಸಾಯ್ತು’ ಎಂದುಬಿಡುತ್ತಿದ್ದರು. ನೋವುಂಟೇ ಎಂದರೆ ಇಲ್ಲ. ಉಸಿರು ಕಟ್ಟುತ್ತದೆಯೇ ಎಂದರೆ ಅದೂ ಇಲ್ಲ. ‘ಈ ವಯಸ್ಸಲ್ಲಿ ಇದೆಲ್ಲ ನೋಡಿದ್ರೆ ಜನ ಏನಂತಾರೆ?’ ಆ ‘ಸಾಕು’ ಅವರ ಮಂಡಿಯದಲ್ಲ, ನೆರೆಹೊರೆಯದು. ಅಲ್ಲಿ ‘ಇನ್ನೊಂದು, ಅಮ್ಮ’ ಎಂದದ್ದು ತಪ್ಪಾಗಲಿಲ್ಲ. ಮೂರು ತಿಂಗಳಿಗೆ ಅವರು ಕಂಬಿ ಹಿಡಿದು ಜಗ್ಗದೆ ಬಸ್ಸಿನ ಮೆಟ್ಟಿಲು ಹತ್ತಿದರು.

ಒಂದೇ ಮಾತು ಒಬ್ಬನ ಸೊಂಟ ಮುರಿಯಿತು, ಇನ್ನೊಬ್ಬರ ಕಾಲು ಬಿಡಿಸಿತು. ಹಾಗಾದರೆ ತಪ್ಪು ಮಾತಿನಲ್ಲಿಲ್ಲ, ಕೇಳದೆ ಆಡುವುದರಲ್ಲಿದೆ. ಅವರನ್ನು ಕೇಳಿದ್ದೆ, ಹುಡುಗನನ್ನು ಕೇಳಿರಲಿಲ್ಲ.

ಆ ಹುಡುಗನ ಊರಿನ ದಾರಿಯಲ್ಲಿ ಅಜ್ಜಂಪುರದ ಅಮೃತಮಹಲ್ ರಾಸುಗಳ ತಳಿ ಸಂವರ್ಧನಾ ಕೇಂದ್ರವಿದೆ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಕೊಟ್ಟ ಹೆಸರು ಅಮೃತಮಹಲ್. ಈ ತಳಿಯ ಎತ್ತುಗಳು ಸೇನೆಯ ತೋಪು, ಸಾಮಾನು ಎಳೆಯುತ್ತ ದೂರದೂರ ನಡೆದವು. ನೋಡಿದರೆ ಕಣ್ಣು ತುಂಬುವ ಮೈಕಟ್ಟು. ಆದರೆ ಅವುಗಳ ಕಸುವು ಎಷ್ಟಿರಬೇಕೆಂದು ನಿಶ್ಚಯಿಸಿದ್ದು ತೋಪಿನ ಭಾರ. ಎತ್ತಿನ ‘ಸಾಕು’ ಯಾರ ಲೆಕ್ಕಕ್ಕೂ ಬರಲಿಲ್ಲ. ಆ ದಿನ ನನ್ನ ಹಲಗೆಯ ಮೇಲಿದ್ದ ಎಂಟು ಎಂಬ ಅಂಕಿಯೂ ಒಂದು ತೋಪೇ. ಪರೀಕ್ಷೆಗೆ ಎಲ್ಲರಿಗೂ ಒಂದೇ ಅಳತೆ ಬೇಕು, ಅದು ನ್ಯಾಯ. ರಾತ್ರಿ ನೀರು ಕಟ್ಟಿದೆಯಾ ಎಂದು ಗಡಿಯಾರ ಕೇಳಲಾರದು. ಆದರೆ ಗಡಿಯಾರ ಕೇಳಲಾರದ್ದನ್ನು ಕೇಳುವುದಕ್ಕೇ ಅಲ್ಲವೇ ಪಕ್ಕದಲ್ಲಿ ಒಬ್ಬ ಮನುಷ್ಯ ನಿಲ್ಲುವುದು?

‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು, ಅಂಚೆಯ ಮೂಲಕವೂ ಅಂಗಸಾಧನೆ ಕಲಿಸಿದವರು ಎಂಬುದು ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಕುತೂಹಲದ ಸಂಗತಿ. ಅಂಚೆಯಲ್ಲಿ ಕಲಿಯುವವನ ಬೆನ್ನ ಹಿಂದೆ ನಿಂತು ‘ಇನ್ನೊಂದು’ ಎಂದು ಕೂಗಲು ಯಾರೂ ಇರುವುದಿಲ್ಲ. ಎಣಿಸುವವನೂ ಅವನೇ, ನಿಲ್ಲಿಸುವವನೂ ಅವನೇ. ಒಳ್ಳೆಯ ಗುರು ಪಕ್ಕದಲ್ಲಿದ್ದಾಗಲೂ ಅಂಚೆಯಷ್ಟು ದೂರ ನಿಲ್ಲಬೇಕೇನೋ.

ನನ್ನ ಹಲಗೆಯಲ್ಲಿ ಈಗಲೂ ಅಂಕಿಗಳಿವೆ. ಆದರೆ ಮೊದಲ ಪ್ರಶ್ನೆ ‘ರಾತ್ರಿ ನಿದ್ದೆ ಆಯ್ತಾ?’ ಎಂಬುದು. ಎಣಿಕೆಯನ್ನು ಎತ್ತುವವರಿಗೇ ಬಿಟ್ಟಿದ್ದೇನೆ. ‘ಸಾಕು’ ಎಂದಾಗ ಯಾಕೆ ಎಂದು ಕೇಳುತ್ತೇನೆ, ಉತ್ತರಕ್ಕೆ ಕಾಯುತ್ತೇನೆ. ಆ ಹುಡುಗನ ಸೊಂಟ ಸರಿಯಾಗಿದೆ, ಮುಂದಿನ ನೇಮಕಾತಿಗೆ ತಯಾರಾಗುತ್ತಿದ್ದಾನೆ. ಮೊನ್ನೆ ಏಳಕ್ಕೆ ಬಾರ್ ಇಳಿಸಿ ನನ್ನ ಮುಖ ನೋಡಿದ. ನಾನು ಸುಮ್ಮನಿದ್ದೆ.

‘ಇನ್ನೊಂದು ಆಗುತ್ತೆ ಸರ್. ಆದ್ರೆ ಇವತ್ತು ಬೇಡ’ ಎಂದ.