ನೀರಿನ ಮೇಲಿನ ಗೆರೆ

ಭೂಪಟದಲ್ಲಿ 8 ಡಿಗ್ರಿ 20 ನಿಮಿಷ ಉತ್ತರ ಅಕ್ಷಾಂಶ ಒಂದು ತೆಳು ಗೆರೆ. ಸಯಾಮ್ ಕೊಲ್ಲಿಯ ನೀರಿನಲ್ಲಿ ಹುಡುಕಿದರೆ ಅದು ಕಾಣುವುದಿಲ್ಲ. ಆದರೂ ಜೋಸೆಫ್ ಕಾನ್ರಾಡ್ ಬರೆದ ‘ದಿ ಶ್ಯಾಡೋ ಲೈನ್’ ಕಾದಂಬರಿಯ ಹಾಯಿಹಡಗು ಆ ಗೆರೆಯನ್ನು ದಾಟಲಾರದೆ ದಿನಗಟ್ಟಲೆ ಒದ್ದಾಡುತ್ತದೆ. ಗಾಳಿಯಿಲ್ಲ, ನಾವಿಕರಿಗೆಲ್ಲ ಜ್ವರ. ಹಿಂದಿನ ಕ್ಯಾಪ್ಟನ್ನನ ಹೆಣವನ್ನು ಸಮುದ್ರಕ್ಕೆ ಇಳಿಸಿದ್ದು ಅಲ್ಲಿಯೇ. ಸತ್ತ ಮುದುಕನೇ ದಾರಿಗೆ ಅಡ್ಡ ಮಲಗಿದ್ದಾನೆ ಎನ್ನುತ್ತಾನೆ ಬರ್ನ್ಸ್, ಹಡಗಿನಲ್ಲಿ ಕ್ಯಾಪ್ಟನ್ನನ ಕೈಕೆಳಗಿನ ಮೊದಲ ಅಧಿಕಾರಿ.

ಕಾದಂಬರಿಯ ಹೆಸರಿನಲ್ಲಿರುವುದೂ ಗೆರೆಯೇ: ಯೌವನ ಮುಗಿಯುವಲ್ಲಿ ಬಿದ್ದ ನೆರಳಿನ ಅಂಚು. ಜಗಲಿಯಲ್ಲಿ ಕೂತವನಿಗೆ ಬಿಸಿಲು ಎಲ್ಲಿ ಮುಗಿಯಿತು, ನೆರಳು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಆದರೆ ನೆರಳಿಗೆ ಬಂದದ್ದು ಮೈಗೆ ತಿಳಿಯುತ್ತದೆ. ಕಾನ್ರಾಡ್ ಈ ಗೆರೆ ದಾಟಿದವರೇ. 1888ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಬ್ಯಾಂಕಾಕ್‌ನಲ್ಲಿ ‘ಒಟಾಗೊ’ ಹಡಗಿನ ಹೊಣೆ ಹೊತ್ತರು. ಕಾದಂಬರಿ ಪುಸ್ತಕವಾದದ್ದು 1917ರಲ್ಲಿ, ಮಹಾಯುದ್ಧದ ನಡುವೆ. ಅದನ್ನು ಯುದ್ಧದಲ್ಲಿದ್ದ ಮಗ ಬೋರಿಸ್‌ಗೂ ಅವನಂತೆ ಎಳೆಯ ವಯಸ್ಸಿನಲ್ಲೇ ಆ ನೆರಳ ಗೆರೆ ದಾಟಿದವರಿಗೂ ಅರ್ಪಿಸಿದರು.

ಒಂದು ಗೆರೆ ನೀರಿನಲ್ಲಿ, ಇನ್ನೊಂದು ಬದುಕಿನಲ್ಲಿ. ಹಾಗಾದರೆ ದಾರಿಗೆ ಅಡ್ಡವಾಗುವ ಕೇಡು ಎಲ್ಲಿಂದ ಬರುತ್ತದೆ, ಹೊರಗಿನಿಂದಲೋ ಒಳಗಿನಿಂದಲೋ?

ಹಳೆಯ ಈ ಪ್ರಶ್ನೆ ಕಾದಂಬರಿಯಲ್ಲಿ ಒಂದು ಔಷಧದ ಸೀಸೆಯಾಗಿ ಬರುತ್ತದೆ. ಕ್ವಿನೈನ್ ಇದೆ ಎಂಬ ಧೈರ್ಯದಲ್ಲಿದ್ದ, ಹಡಗಿನ ಹೊಣೆ ಈಗಷ್ಟೇ ಹೊತ್ತ ತರುಣ ಕ್ಯಾಪ್ಟನ್ ಹೊಸ ಸೀಸೆ ಬಿಚ್ಚುತ್ತಾನೆ. ಒಳಗಿರುವುದು ಬೇರಾವುದೋ ಪುಡಿ. ಹಿಂದಿನವನು ಔಷಧ ಮಾರಿಕೊಂಡಿರಬೇಕು. ಬರ್ನ್ಸ್‌ಗೆ ಅದು ಸತ್ತವನ ಹಗೆ. ಕ್ಯಾಪ್ಟನ್ನನಿಗೋ, ಹೊರಡುವ ಮೊದಲೇ ಸೀಸೆಗಳನ್ನು ಬಿಚ್ಚಿ ನೋಡದ ತನ್ನ ತಪ್ಪು. ನಾವಿಕರು ಒಂದು ಮಾತೂ ಬೈಯುವುದಿಲ್ಲ. ಆ ಮೌನ ಅವನನ್ನು ಇನ್ನಷ್ಟು ಸುಡುತ್ತದೆ.

ಹಡಗು ತೇಲುವ ಗೋರಿ, ಇರುಳು ಸೃಷ್ಟಿಗೆ ಮುಂಚಿನ ಕತ್ತಲು: ಇಂಥ ಹೋಲಿಕೆಗಳು ಪುಟಪುಟಕ್ಕೂ ಎದುರಾಗುತ್ತವೆ. ಬರ್ನ್ಸ್ ಅವನ್ನು ಅಕ್ಷರಶಃ ನಂಬುವವನು. ಕತ್ತಲಲ್ಲಿ ಅಂಬೆಗಾಲಿಟ್ಟು ಮೇಲೆ ಬಂದು, ಸತ್ತವನನ್ನು ಹೆದರಿಸಲು ಗಹಗಹಿಸಿ ನಗುತ್ತಾನೆ. ಆಮೇಲೆ ಗಾಳಿಯೂ ಬೀಸುತ್ತದೆ! ಆದರೂ ಕಥೆಯಲ್ಲಿ ಅತಿಮಾನುಷವನ್ನು ಹುಡುಕಬೇಡಿ ಎಂದು ಕಾನ್ರಾಡ್ ಮುಂದೆ ಸ್ಪಷ್ಟವಾಗಿಯೇ ಬರೆದರು. ದೆವ್ವವನ್ನು ಒಪ್ಪಿಕೊಂಡರೆ ತಪ್ಪೂ ದೆವ್ವದ್ದಾಗುತ್ತದೆ, ಮನುಷ್ಯ ಕಳಚಿಕೊಳ್ಳುತ್ತಾನೆ. ಅದೇ ದೆವ್ವ ರೂಪಕವಾದಾಗ ಹೊಣೆ ಮನುಷ್ಯನ ಹೆಗಲ ಮೇಲೆಯೇ ಉಳಿಯುತ್ತದೆ. ಕಾನ್ರಾಡ್‌ರ ಹೋಲಿಕೆಗಳು ನೈತಿಕ ಕೆಲಸ ಮಾಡುವುದು ಇಲ್ಲಿ.

ಹಡಗಿಗೆ ಬಂದ ಮೊದಲ ದಿನ ಕನ್ನಡಿಯಲ್ಲಿ ಮುಖ ನೋಡಿಕೊಂಡ ತರುಣನಿಗೆ ತಾನೊಂದು ರಾಜವಂಶದ ಕುಡಿ ಎನಿಸಿತ್ತು. ಅದು ರಕ್ತದ ವಂಶವಲ್ಲ, ಕ್ಯಾಪ್ಟನ್ನರ ಕರ್ತವ್ಯದ ವಂಶ. ಔಷಧ ಮಾರಿಕೊಂಡವನೂ ಆ ವಂಶದವನೇ ಎಂಬುದು ತಿಳಿಯುವುದು ಆಮೇಲೆ.

ಜ್ವರ ತಟ್ಟದೆ ಉಳಿದವರು ಇಬ್ಬರೇ: ಕ್ಯಾಪ್ಟನ್ ಮತ್ತು ಅಡುಗೆಯ ರ್‍ಯಾನ್ಸಮ್. ರ್‍ಯಾನ್ಸಮ್‌ನದು ದುರ್ಬಲ ಹೃದಯ. ಆದರೂ ಹಗ್ಗ ಎಳೆದ, ರೋಗಿಗಳ ಆರೈಕೆ ಮಾಡಿದ. ಬಂದರು ಸೇರಿದ ಮೇಲೆ ಕೆಲಸ ಬಿಟ್ಟು ಹೊರಡುವಾಗ ಕ್ಯಾಪ್ಟನ್ನನ ಕೈ ಕುಲುಕುತ್ತಾನೆ. ಎದೆಯೊಳಗಿನ ಶತ್ರು ಎಲ್ಲಿ ಎಚ್ಚೆತ್ತಾನೋ ಎಂಬ ಭಯದಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ಹೋಗುತ್ತಾನೆ. ಕೆಳಗೆ ನಿಂತ ಕ್ಯಾಪ್ಟನ್ ಆ ಹೆಜ್ಜೆಗಳನ್ನು ಕೇಳಿಸಿಕೊಳ್ಳುತ್ತಾನೆ.