ಗುಂಪು ಕಟ್ಟಿದ ಮೇಲೆ

ಗಂಗಾವತಿ ಸೀಮೆಯ ಭತ್ತದ ಗದ್ದೆಯಲ್ಲಿ ಎಲೆಯ ಅಂಚು ಅಲೆಅಲೆಯಾಗಿ ಹಳದಿಗಟ್ಟಿ ಒಣಗತೊಡಗಿದರೆ, ಅದು ದುಂಡಾಣು ಅಂಗಮಾರಿಯೋ ಬೇರೇನೋ ಎಂದು ತಿಳಿಯಲು ಒಂದು ಗಾಜಿನ ಲೋಟ ಸಾಕು. ಎಲೆ ಕತ್ತರಿಸಿ ತಿಳಿನೀರಿಗೆ ಇಳಿಬಿಟ್ಟು ಬೆಳಕಿಗೆ ಹಿಡಿಯಬೇಕು. ಅಂಗಮಾರಿಯೇ ಆಗಿದ್ದರೆ ಸ್ವಲ್ಪ ಹೊತ್ತಿಗೆ ಕತ್ತರಿಸಿದ ತುದಿಯಿಂದ ಹಾಲಿನಂಥ ತೆಳು ಎಳೆ ಕೆಳಗಿಳಿಯುತ್ತದೆ. ಅದು ತಮ್ಮದೇ ಲೋಳೆಯಲ್ಲಿ ತೇಲಿಬರುವ ಕ್ಸಾಂತೊಮೊನಾಸ್ ದುಂಡಾಣುಗಳ ಹಿಂಡು. ಒಂದೊಂದರ ಉದ್ದ ಮಿಲಿಮೀಟರಿನ ಸಾವಿರದ ಒಂದೆರಡು ಪಾಲು. ಒಂಟಿಯಾಗಿದ್ದಾಗ ಬರಿಗಣ್ಣಿಗೆ ಅದು ಇಲ್ಲವೇ ಇಲ್ಲ. ಲೆಕ್ಕವಿಲ್ಲದಷ್ಟು ಕೂಡಿದರೆ ಮಾತ್ರ ಉಂಟು.

ಪ್ರಯೋಗಾಲಯವೂ ನಂಬಿರುವುದು ಈ ಗುಂಪನ್ನೇ. 1880ರ ದಶಕದಲ್ಲಿ ರಾಬರ್ಟ್ ಕಾಖ್ ಬಳಗದವರು ಸೂಕ್ಷ್ಮಜೀವಿಗಳನ್ನು ಗಟ್ಟಿ ಆಹಾರದ ಮೇಲೆ ಬೆಳೆಸಲು ಹೆಣಗುತ್ತಿದ್ದಾಗ, ಅಡುಗೆಮನೆಯಲ್ಲಿ ಜೆಲ್ಲಿಗೆ ಹಾಕುವ ಅಗರ್ ಬಳಸಿ ನೋಡಿ ಎಂದವಳು ಆ ಬಳಗದವರೊಬ್ಬರ ಹೆಂಡತಿ ಫ್ಯಾನಿ ಹೆಸ್ಸೆ. (ತಟ್ಟೆಗೆ ಪೆಟ್ರಿಯ ಹೆಸರು ಉಳಿಯಿತು, ಅಗರ್‌ಗೆ ಅವಳ ಹೆಸರು ಅಂಟಲಿಲ್ಲ.) ಕ್ಸಾಂತೊಮೊನಾಸ್ ಆದರೆ ಅಗರ್ ಮೇಲೆ ಕೆಲವು ದಿನಕ್ಕೆ ಹಳದಿ, ಅಂಟಂಟು ಚುಕ್ಕಿಗಳು ಏಳುತ್ತವೆ. ಒಂದು ಚುಕ್ಕಿಗೆ ಒಂದೇ ಮೂಲಜೀವಿ ಎಂದು ಲೆಕ್ಕ. ಆ ಮೂಲವನ್ನು ಯಾರೂ ಕಂಡಿರುವುದಿಲ್ಲ, ಸಂತಾನ ನೋಡಿ ಊಹಿಸಿದ್ದು. ಈಗ ಕ್ಯಾಮೆರಾ ತಟ್ಟೆಯನ್ನು ಆಗಾಗ ಚಿತ್ರಿಸಿ, ಹಿಂದಿನ ಚಿತ್ರದೊಡನೆ ಹೋಲಿಸಿ, ಕಣ್ಣಿಗಿಂತ ಎಷ್ಟೋ ಮೊದಲೇ ಚುಕ್ಕಿಯನ್ನು ಹಿಡಿಯುತ್ತದೆ. ಒಳ್ಳೆಯದೇ. ಆದರೂ ಅದು ಹಿಡಿಯುವುದು ಸಣ್ಣ ಗುಂಪನ್ನು, ಅದೂ ನಾವಿಟ್ಟ ಆಹಾರ ಒಗ್ಗಿದ ಜೀವಿಗಳ ಗುಂಪನ್ನು. ಮಣ್ಣಿನಲ್ಲಿರುವ ಬಹುಪಾಲು ಸೂಕ್ಷ್ಮಜೀವಿಗಳು ಅಗರ್ ಮೇಲೆ ಬೆಳೆಯುವುದೇ ಇಲ್ಲ. ತಟ್ಟೆ ಖಾಲಿಯಿದ್ದರೆ ಮಣ್ಣೂ ಖಾಲಿ ಎನ್ನಲು ಬಾರದು.

ಹಾಗಾದರೆ ರೋಗ ಬಂದದ್ದು ಯಾವತ್ತು? ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ಬೆಳೆಗಾರರಿಗೆ ಇದು ಬರೀ ತತ್ವದ ಪ್ರಶ್ನೆಯಲ್ಲ. ಕ್ಸಾಂತೊಮೊನಾಸ್ ಕುಲದ್ದೇ ಇನ್ನೊಂದು ದುಂಡಾಣು ಈ ಭಾಗದಲ್ಲಿ ತೋಟಕ್ಕೆ ತೋಟವನ್ನೇ ಕೀಳಿಸಿದೆ. ಎಣ್ಣೆ ಹನಿ ಬಿದ್ದಂತೆ ಎಲೆಯ ಮೇಲೆ ಚುಕ್ಕೆ, ಆಮೇಲೆ ಕಾಯಿ ಸೀಳು. ರೈತ ಹೇಳುವ ದಿನ ಚುಕ್ಕೆ ಕಂಡ ದಿನ. ದುಂಡಾಣುವಾದರೋ ಹಸಿರಾಗಿ, ಆರೋಗ್ಯವಾಗಿಯೇ ಕಾಣುತ್ತಿದ್ದ ಸಸಿಯೊಳಗೇ ಕೂತು ತೋಟಕ್ಕೆ ಬಂದಿರಬಹುದು. ನಾವು ಆರಂಭ ಎಂದು ಬರೆದಿಡುವುದು ಬಹುಮಟ್ಟಿಗೆ ನಮ್ಮ ಕಣ್ಣು ಅಲ್ಲಿಗೆ ತಲುಪಿದ ದಿನವನ್ನು.

ಅದಕ್ಕೇ ನನಗೆ ಕ್ಯಾಮೆರಾಕ್ಕಿಂತ ಚಾಟ್ನಿ ಮಾಡುವವರ, ಅಂದರೆ ಗಿಡದ ಟೊಂಗೆ ಸವರುವವರ, ಕತ್ತರಿಯ ಮೇಲೆ ಗೌರವ ಹೆಚ್ಚು. ದುಂಡಾಣು ಅಂಟಿದ್ದರೂ ಅಲಗಿನ ಮೇಲೆ ಏನೂ ಕಾಣುವುದಿಲ್ಲ. ಆದರೂ ಬಲ್ಲವರು ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಕೈಹಾಕುವ ಮೊದಲು ಅದನ್ನು ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿಯೇ ತೆಗೆಯುತ್ತಾರೆ. ಗಿಡಕ್ಕೊಮ್ಮೆ ಅದ್ದುತ್ತ ಕೂತರೆ ಕೆಲಸ ನಿಧಾನ, ಕೂಲಿ ಜಾಸ್ತಿ ಎಂಬ ತಕರಾರೂ ಇದ್ದದ್ದೇ.